ನೂರು ತಲೆಮಾರಿನ ಮೆಕ್ಕೆಜೋಳ: ಇಲಿನಾಯ್ ಆಯ್ಕೆ ಪ್ರಯೋಗದ ಪ್ರಕರಣ ಅಧ್ಯಯನ

1896ರಲ್ಲಿ ಅಮೆರಿಕದ ಇಲಿನಾಯ್ ಕೃಷಿ ಪ್ರಯೋಗ ಕೇಂದ್ರದ ರಸಾಯನಶಾಸ್ತ್ರಜ್ಞ ಸಿರಿಲ್ ಹಾಪ್‌ಕಿನ್ಸ್ ಅವರು ‘ಬರ್ಸ್ ವೈಟ್’ ಎಂಬ ಮೆಕ್ಕೆಜೋಳದ ತಳಿಯ 163 ತೆನೆಗಳನ್ನು ತೆಗೆದುಕೊಂಡು, ಒಂದೊಂದು ತೆನೆಯ ಕಾಳಿನಲ್ಲೂ ಎಷ್ಟು ಪ್ರೋಟೀನು, ಎಷ್ಟು ಎಣ್ಣೆ ಇದೆ ಎಂದು ಅಳೆದರು. ಪ್ರೋಟೀನಿನ ಸರಾಸರಿ ಶೇ 10.9 ಇತ್ತು, ಎಣ್ಣೆಯ ಸರಾಸರಿ ಶೇ 4.7. ಎಣ್ಣೆ ಅತಿ ಕಡಿಮೆ ಇದ್ದ ತೆನೆಯಲ್ಲಿ ಅದು ಶೇ 4ರ ಆಸುಪಾಸಿನಲ್ಲಿದ್ದರೆ, ಅತಿ ಹೆಚ್ಚು ಇದ್ದ ತೆನೆಯಲ್ಲಿ ಶೇ 6ರ ಆಸುಪಾಸಿನಲ್ಲಿತ್ತು. ಹೆಚ್ಚು ಎಣ್ಣೆಯ 24 ತೆನೆಗಳ ಬೀಜವನ್ನು ಒಂದು ಕಡೆ, ಕಡಿಮೆ ಎಣ್ಣೆಯ 12 ತೆನೆಗಳ ಬೀಜವನ್ನು ಇನ್ನೊಂದು ಕಡೆ ಬಿತ್ತಲಾಯಿತು. ಪ್ರೋಟೀನಿಗೂ ಇದೇ ಕ್ರಮ. ಹೀಗೆ ಹುಟ್ಟಿಕೊಂಡ ನಾಲ್ಕು ಸಂತತಿಗಳಿಗೆ ಆಮೇಲೆ ಹೊರಗಿನಿಂದ ಒಂದು ಕಾಳು ಬೀಜವನ್ನೂ ಸೇರಿಸಲಿಲ್ಲ. ಪ್ರತಿ ಬೆಳೆಯಲ್ಲೂ ತೆನೆಗಳನ್ನು ಅಳೆಯುವುದು, ಬೇಕಾದ ದಿಕ್ಕಿನಲ್ಲಿ ಮುಂದಿರುವ ಐದರಲ್ಲೊಂದು ಭಾಗವನ್ನು ಮಾತ್ರ ಮುಂದಿನ ಬಿತ್ತನೆಗೆ ಉಳಿಸಿಕೊಳ್ಳುವುದು, ಉಳಿದದ್ದನ್ನು ಬಿಡುವುದು, ಇಷ್ಟೇ ಕೆಲಸ. ಈ ಕೆಲಸ ನೂರು ತಲೆಮಾರುಗಳನ್ನು ದಾಟಿತು.

ಹಾಪ್‌ಕಿನ್ಸ್ ಅವರ ಉದ್ದೇಶ ವಿಕಾಸವಾದವನ್ನು ಪರೀಕ್ಷಿಸುವುದಾಗಿರಲಿಲ್ಲ. ಜಾನುವಾರುಗಳ ಮೇವಿಗೆ ಬಳಕೆಯಾಗುವ ಕಾಳಿನ ರಾಸಾಯನಿಕ ಸಂಯೋಜನೆಯನ್ನು ಆಯ್ಕೆಯಿಂದ ಬದಲಿಸಲು ಸಾಧ್ಯವೇ ಎಂಬ ಕೃಷಿಯ ಪ್ರಶ್ನೆ ಅವರದು. ಆದರೆ ಬಿತ್ತಿದವರ ಉದ್ದೇಶ ಏನೇ ಇರಲಿ, ನಿಧಾನವಾಗಿ ಕೂಡುತ್ತ ಹೋಗುವ ಸಣ್ಣ ಬದಲಾವಣೆಗಳಿಂದ ಮೊದಲು ಇಲ್ಲದಿದ್ದದ್ದು ಹುಟ್ಟಬಲ್ಲದೇ ಎಂಬ ಪ್ರಶ್ನೆಗೆ ಇದಕ್ಕಿಂತ ಅಚ್ಚುಕಟ್ಟಾದ ದಾಖಲೆ ಸಿಗುವುದು ಕಷ್ಟ. ಈ ಅಧ್ಯಯನದಲ್ಲಿ ಅದನ್ನು ಆ ಪ್ರಶ್ನೆಯ ದೃಷ್ಟಿಯಿಂದಲೇ ನೋಡಲಾಗಿದೆ.

ಹಳೆಯ ಆಕ್ಷೇಪ

ಡಾರ್ವಿನ್ 1859ರಲ್ಲಿ ಪ್ರಕಟಿಸಿದ ಕೃತಿ ಆರಂಭವಾಗುವುದು ಕಾಡಿನ ಪ್ರಾಣಿಗಳಿಂದಲ್ಲ, ಮನುಷ್ಯ ಸಾಕಿದ ಪ್ರಾಣಿ ಮತ್ತು ಬೆಳೆಸಿದ ಸಸ್ಯಗಳಿಂದ. ಪಾರಿವಾಳ ಸಾಕುವವನು ತನಗೆ ಬೇಕಾದ ಗುಣವಿರುವ ಹಕ್ಕಿಗಳನ್ನೇ ಜೋಡಿ ಮಾಡುತ್ತ ಹೋದರೆ ಕೆಲವು ತಲೆಮಾರುಗಳಲ್ಲಿ ಗುರುತೇ ಸಿಗದಷ್ಟು ಬೇರೆಯಾದ ತಳಿ ಸಿದ್ಧವಾಗುತ್ತದೆ. ಸಾಕುವವನ ಕೈ ಇಲ್ಲದ ಕಡೆಯೂ ಬದುಕಿ ಉಳಿಯುವ ಹೋರಾಟ ಅದೇ ಕೆಲಸವನ್ನು, ಇನ್ನೂ ದೀರ್ಘ ಕಾಲದಲ್ಲಿ, ಮಾಡಬಲ್ಲದು ಎಂಬುದು ಅವರ ವಾದದ ತಿರುಳು.

ಇದಕ್ಕೆ ಬಂದ ಆಕ್ಷೇಪಗಳಲ್ಲಿ ಹೆಚ್ಚು ಮೊನಚಾದದ್ದು ಜೀವವಿಜ್ಞಾನಿಯೊಬ್ಬರಿಂದ ಬರಲಿಲ್ಲ. 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಎಂಬ ಎಂಜಿನಿಯರ್ ಬರೆದ ವಿಮರ್ಶೆಯಿಂದ ಬಂತು. ಪ್ರತಿಯೊಂದು ಜೀವಿಯ ಸುತ್ತಲೂ ಬದಲಾವಣೆಯ ಒಂದು ಗೋಳವಿದೆ, ಆಯ್ಕೆಯು ಜೀವಿಯನ್ನು ಆ ಗೋಳದೊಳಗೆ ಅತ್ತಿತ್ತ ಸರಿಸಬಹುದೇ ಹೊರತು ಅದರ ಅಂಚನ್ನು ದಾಟಿಸಲಾರದು, ಅಂಚು ಹತ್ತಿರವಾದಂತೆಲ್ಲ ಬದಲಾವಣೆಯ ವೇಗ ಕುಗ್ಗುತ್ತದೆ ಎಂದು ಅವರು ವಾದಿಸಿದರು. ತಂದೆ ತಾಯಿಯ ಗುಣಗಳು ಮಗುವಿನಲ್ಲಿ ಎರಡು ಬಣ್ಣಗಳಂತೆ ಬೆರೆತುಹೋಗುತ್ತವೆ ಎಂದು ಆ ಕಾಲದವರು ನಂಬಿದ್ದರಿಂದ, ಅಪರೂಪದ ಒಳ್ಳೆಯ ಗುಣವೊಂದು ಕೆಲವೇ ತಲೆಮಾರುಗಳಲ್ಲಿ ತೆಳುವಾಗಿ ಕರಗಿಹೋಗುತ್ತದೆ ಎಂಬ ಎರಡನೆಯ ವಾದಕ್ಕೂ ಬಲವಿತ್ತು. ಡಾರ್ವಿನ್ ಈ ಆಕ್ಷೇಪಗಳನ್ನು ಗಂಭೀರವಾಗಿಯೇ ತೆಗೆದುಕೊಂಡರು. ಆದರೆ ಅನುವಂಶೀಯತೆಯ ನಿಯಮ ತಿಳಿಯದೆ ಪೂರ್ತಿ ಉತ್ತರ ಕೊಡುವುದು ಯಾರಿಂದಲೂ ಆಗುವಂತಿರಲಿಲ್ಲ. ಇಂದಿಗೂ ‘ಆಯ್ಕೆಯು ಇದ್ದದ್ದನ್ನು ಹೆಕ್ಕುತ್ತದೆಯೇ ಹೊರತು ಹೊಸದನ್ನು ಮಾಡುವುದಿಲ್ಲ’ ಎಂದು ಹೇಳುವವರು, ತಿಳಿದೋ ತಿಳಿಯದೆಯೋ, ಜೆಂಕಿನ್ ಅವರ ಮಾತನ್ನೇ ಹೇಳುತ್ತಿರುತ್ತಾರೆ.

ತೆನೆಯನ್ನು ಅಳೆಯುವ ಬಗೆ

ಬೀಜದ ರಾಸಾಯನಿಕ ಗುಣವನ್ನು ಆಯ್ಕೆ ಮಾಡುವುದರಲ್ಲಿ ಒಂದು ತೊಡಕಿದೆ. ಎಣ್ಣೆ ಎಷ್ಟಿದೆ ಎಂದು ತಿಳಿಯಬೇಕಾದರೆ ಕಾಳನ್ನು ಅರೆಯಬೇಕು. ಅರೆದ ಕಾಳನ್ನು ಬಿತ್ತಲಾಗದು. ಹಾಪ್‌ಕಿನ್ಸ್ ಮೊದಲು ಬಿಡಿಸಿದ್ದು ಈ ಗಂಟನ್ನು. ಒಂದೇ ತೆನೆಯ ಕಾಳುಗಳು ಸಂಯೋಜನೆಯಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ, ತೆನೆಯಿಂದ ತೆನೆಗೆ ಮಾತ್ರ ಗಣನೀಯ ವ್ಯತ್ಯಾಸವಿರುತ್ತದೆ ಎಂಬುದನ್ನು ಅವರು ಅಳತೆಗಳಿಂದ ಖಚಿತಪಡಿಸಿಕೊಂಡರು. ಹಾಗಾದರೆ ತೆನೆಯ ಉದ್ದಕ್ಕೂ ಕೆಲವು ಸಾಲು ಕಾಳುಗಳನ್ನು ಬಿಡಿಸಿ ಅರೆದು ಪರೀಕ್ಷಿಸಿದರೆ ಸಾಕು, ದಿಂಡಿನ ಮೇಲೆ ಉಳಿದ ಕಾಳುಗಳೆಲ್ಲ ಬಿತ್ತನೆಗೆ ಸಿಗುತ್ತವೆ.

ಪ್ರಯೋಗಾಲಯವಿಲ್ಲದವರಿಗೆ ಇನ್ನೂ ಸರಳವಾದ ದಾರಿಯೊಂದನ್ನು ಅವರು ತೋರಿಸಿದರು. ಮೆಕ್ಕೆಜೋಳದ ಕಾಳನ್ನು ಚಾಕುವಿನಿಂದ ಅಡ್ಡಕ್ಕೆ ಕೊಯ್ದು ನೋಡಿದರೆ ಮೂರು ಭಾಗಗಳು ಬರಿಗಣ್ಣಿಗೇ ಕಾಣುತ್ತವೆ: ಮುಂದೆ ಮೊಳಕೆಯಾಗುವ ಮೆತ್ತನೆಯ ಭ್ರೂಣ, ಅದರ ಸುತ್ತ ಕೊಂಬಿನಂತೆ ಗಟ್ಟಿಯಾಗಿ ಅರೆಪಾರದರ್ಶಕವಾಗಿರುವ ಭಾಗ, ಮತ್ತು ಸುಣ್ಣದಂತೆ ಬೆಳ್ಳಗಿರುವ ಹಿಟ್ಟಿನ ಭಾಗ. ಎಣ್ಣೆಯ ಬಹುಪಾಲು ಇರುವುದು ಭ್ರೂಣದಲ್ಲಿ. ಗಟ್ಟಿ ಭಾಗದಲ್ಲಿ ಪ್ರೋಟೀನು ಹೆಚ್ಚು, ಬಿಳಿ ಭಾಗದಲ್ಲಿ ಪಿಷ್ಟ ಹೆಚ್ಚು. ಆದ್ದರಿಂದ ಭ್ರೂಣ ದೊಡ್ಡದಿದ್ದರೆ ಎಣ್ಣೆ ಹೆಚ್ಚೆಂದೂ, ಗಟ್ಟಿ ಭಾಗ ದಪ್ಪವಿದ್ದರೆ ಪ್ರೋಟೀನು ಹೆಚ್ಚೆಂದೂ ಸ್ಥೂಲವಾಗಿ ಹೇಳಬಹುದಿತ್ತು. ಬಹುಕಾಲದ ನಂತರ ಅಣುಕೇಂದ್ರ ಕಾಂತೀಯ ಅನುರಣನದ ಉಪಕರಣ ಬಂದ ಮೇಲೆ ಕಾಳನ್ನು ಒಡೆಯದೆಯೇ ಎಣ್ಣೆ ಅಳೆಯುವುದು ಸಾಧ್ಯವಾಯಿತು.

ಪರಾಗಸ್ಪರ್ಶವೂ ಅಷ್ಟೇ ಎಚ್ಚರಿಕೆ ಬೇಡುವ ವಿಷಯ. ಮೆಕ್ಕೆಜೋಳದ ಗಂಡು ಹೂ ಗಿಡದ ತುದಿಯಲ್ಲಿ ಸೂಲಂಗಿಯಾಗಿ ನಿಲ್ಲುತ್ತದೆ, ಹೆಣ್ಣು ಹೂ ಕೆಳಗೆ ಗಿಣ್ಣಿನಲ್ಲಿ ತೆನೆಯಾಗುತ್ತದೆ, ಪರಾಗವನ್ನು ಗಾಳಿ ಹೊತ್ತೊಯ್ಯುತ್ತದೆ. ಪಕ್ಕದ ಹೊಲದ ಪರಾಗ ಬಂದು ಕುಳಿತರೆ ಇಡೀ ವರ್ಷದ ಆಯ್ಕೆ ವ್ಯರ್ಥ. ಅದಕ್ಕಾಗಿ ಸಂತತಿಗಳನ್ನು ದೂರದೂರ ಬೆಳೆಸಲಾಯಿತು. ಒಂದೊಂದು ತೆನೆಯ ಬೀಜವನ್ನು ಅದರದೇ ಸಾಲಿನಲ್ಲಿ ಬಿತ್ತಲಾಯಿತು. ಗಿಡವು ತನ್ನ ಪರಾಗದಿಂದಲೇ ಕಾಳು ಕಟ್ಟದಂತೆ ಕೆಲವು ಸಾಲುಗಳ ಸೂಲಂಗಿಯನ್ನು ಕಿತ್ತುಹಾಕಿ, ಆ ಸಾಲುಗಳಿಂದಲೇ ಬೀಜದ ತೆನೆ ತೆಗೆಯುವ ಪದ್ಧತಿಯೂ ಬಂತು. ವರ್ಷಕ್ಕೆ 60ರಿಂದ 120 ತೆನೆಗಳ ಪರೀಕ್ಷೆ, ಅವುಗಳಲ್ಲಿ 12ರಿಂದ 24ರ ಆಯ್ಕೆ. ತಳಿ ಸಂವರ್ಧನೆಯ ಇಂದಿನ ಅಳತೆಯಲ್ಲಿ ಇದು ಬಹಳ ಚಿಕ್ಕ ಗುಂಪು, ಮತ್ತು ಈ ಚಿಕ್ಕತನ ಮುಂದಿನ ವಾದಕ್ಕೆ ಮುಖ್ಯವಾಗುತ್ತದೆ.

ಒಂದು ವರ್ಷದ ಬದಲಾವಣೆ ಕಾಣಿಸುವುದಿಲ್ಲ

ಎಣ್ಣೆ ಹೆಚ್ಚಿಸುವ ಸಂತತಿಯ ಒಟ್ಟು ಏರಿಕೆಯನ್ನು ತಲೆಮಾರುಗಳಿಗೆ ಹಂಚಿದರೆ, ಒಂದು ತಲೆಮಾರಿಗೆ ಸಿಗುವುದು ಶೇಕಡಾ ಒಂದು ಅಂಶದ ಏಳನೆಯ ಒಂದು ಭಾಗದಷ್ಟು. ಮಳೆ ಹೆಚ್ಚಾದ ವರ್ಷ, ಬಿಸಿಲು ಹೆಚ್ಚಾದ ವರ್ಷ, ಮಣ್ಣಿನಲ್ಲಿ ಸಾರಜನಕ ಕಡಿಮೆಯಾದ ವರ್ಷ, ಇವುಗಳಿಂದ ಆಗುವ ಏರಿಳಿತ ಅದಕ್ಕಿಂತ ದೊಡ್ಡದು. ಯಾವುದೋ ಒಂದು ವರ್ಷ ಹೊಲಕ್ಕೆ ಬಂದು ಹಿಂದಿನ ವರ್ಷದ ತೆನೆಯೊಂದಿಗೆ ಹೋಲಿಸಿದವನಿಗೆ ಏನೂ ಬದಲಾಗಿಲ್ಲವೆಂದು ಕಾಣಬಹುದಿತ್ತು. ಕೆಲವು ವರ್ಷ ಎಣ್ಣೆ ಕಡಿಮೆಯೇ ಆಯಿತೆಂದೂ ಕಾಣಬಹುದಿತ್ತು. ವಿಕಾಸ ನಡೆಯುವುದನ್ನು ಕಣ್ಣಾರೆ ಕಾಣಲಾಗದು ಎಂಬ ಮಾತಿನಲ್ಲಿ ಈ ಮಟ್ಟಿಗೆ ಸತ್ಯವಿದೆ. ಹೆಚ್ಚಿನ ಕಡೆಗೂ ಕಡಿಮೆಯ ಕಡೆಗೂ ಎರಡು ದಿಕ್ಕಿನಲ್ಲಿ ಸಂತತಿಗಳನ್ನು ನಡೆಸಿದ್ದರ ಜಾಣ್ಮೆ ಇಲ್ಲಿ ತಿಳಿಯುತ್ತದೆ: ಒಂದೇ ವರ್ಷದ ಹವೆ ಎರಡನ್ನೂ ತಟ್ಟುವುದರಿಂದ ಅವುಗಳ ನಡುವಿನ ಅಂತರವನ್ನು ಹವೆಯ ತಲೆಗೆ ಕಟ್ಟಲಾಗದು.

ಆಯ್ಕೆಯ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ಹೇಳುವುದು ಸುಲಭ. ಹೊಲದ ಸರಾಸರಿ ಎಣ್ಣೆ ಶೇ 4.7 ಎಂದೂ, ಆಯ್ದ ತೆನೆಗಳ ಸರಾಸರಿ ಶೇ 5.2 ಎಂದೂ ಇಟ್ಟುಕೊಳ್ಳೋಣ. ಅಂತರ 0.5. ಆಯ್ದ ತೆನೆಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯ ಜೀನುಗಳನ್ನು ಹೊತ್ತಿರುತ್ತವೆ, ಇನ್ನು ಕೆಲವು ಒಳ್ಳೆಯ ಜಾಗದಲ್ಲಿ ಬೆಳೆದ ಅದೃಷ್ಟದಿಂದಷ್ಟೇ ಮುಂದೆ ಬಂದಿರುತ್ತವೆ. ಅದೃಷ್ಟ ಮಕ್ಕಳಿಗೆ ಹೋಗುವುದಿಲ್ಲ. ಮುಂದಿನ ಬೆಳೆಯ ಸರಾಸರಿ ಶೇ 4.9 ಬಂದರೆ, ಆ 0.5ರಲ್ಲಿ 0.2 ಮಾತ್ರ ಸಂತಾನಕ್ಕೆ ದಾಟಿತು ಎಂದರ್ಥ. ಐದರಲ್ಲಿ ಎರಡು ಪಾಲು. ಈ ಪಾಲನ್ನೇ ತಳಿ ಸಂವರ್ಧಕರು ಅನುವಂಶೀಯತೆಯ ಪ್ರಮಾಣ ಎನ್ನುತ್ತಾರೆ. ಅದು ಸೊನ್ನೆಯಾದ ದಿನ, ಎಷ್ಟೇ ಕಠಿಣವಾಗಿ ಆರಿಸಿದರೂ ಮುಂದಿನ ತಲೆಮಾರು ಇದ್ದಲ್ಲೇ ಇರುತ್ತದೆ.

ಸೊನ್ನೆಯಾಗುವುದು ಬರಿಯ ಊಹೆಯಲ್ಲ. ಡೆನ್ಮಾರ್ಕಿನ ವಿಲ್ಹೆಲ್ಮ್ ಯೋಹಾನ್ಸನ್ ಅವರು 1903ರಲ್ಲಿ ಪ್ರಕಟಿಸಿದ ಹುರುಳಿಕಾಯಿ ಬೀಜದ ಪ್ರಯೋಗ ಅದನ್ನೇ ತೋರಿಸಿತು. ಸ್ವಪರಾಗಸ್ಪರ್ಶದಿಂದ ಬೆಳೆಯುವ ಹುರುಳಿಕಾಯಿಯ ಒಂದೊಂದು ಬೀಜದಿಂದ ಒಂದೊಂದು ಶುದ್ಧ ಸಂತತಿ, ಅಂದರೆ ಜೀನುಗಳಲ್ಲಿ ವ್ಯತ್ಯಾಸವಿಲ್ಲದ ಸಂತತಿ, ಮಾಡಿ, ಅದರೊಳಗೆ ದಪ್ಪ ಬೀಜವನ್ನೇ ಆರಿಸಿ ಬಿತ್ತಿದರೂ ಸಣ್ಣ ಬೀಜವನ್ನೇ ಆರಿಸಿ ಬಿತ್ತಿದರೂ ಮಕ್ಕಳ ಸರಾಸರಿ ಒಂದೇ ಬಂತು. ಬೆರಕೆ ಬೀಜದಲ್ಲಿ ಆಯ್ಕೆ ಫಲ ಕೊಟ್ಟಿತು, ಶುದ್ಧ ಸಂತತಿಯೊಳಗೆ ಕೊಡಲಿಲ್ಲ. ಈ ಫಲಿತಾಂಶ ಸರಿಯಾದದ್ದೇ. ಆದರೆ ಅದರಿಂದ ಆ ಕಾಲದ ಹಲವರು ತೆಗೆದ ನಿರ್ಣಯ, ಆಯ್ಕೆಯೆಂದರೆ ಬೆರಕೆಯನ್ನು ಬೇರ್ಪಡಿಸುವುದಷ್ಟೇ, ಅದು ಬೇಗ ಮುಗಿದುಹೋಗುವ ಕೆಲಸ ಎಂಬುದು, ಆತುರದ ನಿರ್ಣಯವಾಗಿತ್ತು. ಅದೇ ವರ್ಷಗಳಲ್ಲಿ ಇಲಿನಾಯ್‌ನ ಹೊಲದಲ್ಲಿ ಆ ಕೆಲಸ ಮುಗಿಯದೆ ಮುಂದುವರಿಯುತ್ತಿತ್ತು.

ಅಂಚು ದಾಟಿದ ಅಂಕಿಗಳು

ಹಾಪ್‌ಕಿನ್ಸ್ ನಂತರ ಲೂಯಿ ಸ್ಮಿತ್, ಫ್ಲಾಯ್ಡ್ ವಿಂಟರ್, ವುಡ್‌ವರ್ತ್, ಜಾನ್ ಡಡ್ಲಿ, ರಾಬರ್ಟ್ ಲ್ಯಾಂಬರ್ಟ್ ಮೊದಲಾದವರು ಒಬ್ಬರಿಂದೊಬ್ಬರು ಈ ಹೊಲವನ್ನು ವಹಿಸಿಕೊಂಡರು. ಒಬ್ಬ ಮನುಷ್ಯನ ವೃತ್ತಿಜೀವನದಲ್ಲಿ ಮುಗಿಯದ ಪ್ರಯೋಗವನ್ನು ಇಷ್ಟು ಜನ ತಮ್ಮದಲ್ಲದ ಪ್ರಶ್ನೆಯೆಂದು ಬಿಟ್ಟುಬಿಡದೆ ಕಾದುಕೊಂಡದ್ದೇ ಒಂದು ಆಶ್ಚರ್ಯ.

ವಿಂಟರ್ 1929ರಲ್ಲಿ 28 ತಲೆಮಾರುಗಳ ಫಲಿತಾಂಶ ಪ್ರಕಟಿಸಿದಾಗ ಹೆಚ್ಚು ಎಣ್ಣೆಯ ಸಂತತಿಯ ಸರಾಸರಿ ಶೇ 10ರ ಹತ್ತಿರ ಬಂದಿತ್ತು, ಕಡಿಮೆ ಎಣ್ಣೆಯದು ಶೇ 1.5ಕ್ಕೆ ಇಳಿದಿತ್ತು. ಐವತ್ತು ತಲೆಮಾರುಗಳ ಹೊತ್ತಿಗೆ ಮೊದಲನೆಯದು ಶೇ 15 ದಾಟಿತ್ತು, ಎರಡನೆಯದು ಶೇ 1ಕ್ಕೆ ಬಂದಿತ್ತು. ಹೆಚ್ಚು ಪ್ರೋಟೀನಿನ ಸಂತತಿ ಶೇ 19 ದಾಟಿದ್ದರೆ, ಕಡಿಮೆ ಪ್ರೋಟೀನಿನ ಸಂತತಿ ಶೇ 5ಕ್ಕಿಂತ ಕೆಳಗಿತ್ತು. ನೂರು ತಲೆಮಾರುಗಳ ಸುಮಾರಿಗೆ ಹೆಚ್ಚು ಎಣ್ಣೆಯ ಸಂತತಿ ಶೇ 20ರ ಆಸುಪಾಸಿಗೆ ಏರಿತ್ತು. ಹೆಚ್ಚು ಪ್ರೋಟೀನಿನದು ಶೇ 25ನ್ನು ಹಿಂದೆ ಹಾಕಿತ್ತು.

ಈ ಅಂಕಿಗಳಲ್ಲಿ ಗಮನಿಸಬೇಕಾದದ್ದು ಏರಿಕೆಯ ಪ್ರಮಾಣಕ್ಕಿಂತಲೂ ಆರಂಭದ ಮಿತಿಯೊಂದಿಗೆ ಅವುಗಳ ಸಂಬಂಧ. ಮೂಲದ 163 ತೆನೆಗಳಲ್ಲಿ ಅತ್ಯುತ್ತಮವಾದದ್ದೂ ಶೇ 6ರ ಆಸುಪಾಸಿನಲ್ಲಿತ್ತು. ಮೂರು ದಶಕಗಳಾಗುವ ಮೊದಲೇ ಇಡೀ ಹೊಲದ ಸರಾಸರಿ ಆ ಅತ್ಯುತ್ತಮ ತೆನೆಯನ್ನು ಬಹಳ ಹಿಂದೆ ಬಿಟ್ಟಿತ್ತು. ಅಂದರೆ ಕೊನೆಯ ವರ್ಷಗಳ ಅತ್ಯಂತ ಕಳಪೆ ತೆನೆಯನ್ನು ತಂದು 1896ರ ರಾಶಿಯಲ್ಲಿ ಇಟ್ಟಿದ್ದರೂ ಅದು ಅಲ್ಲಿನವುಗಳಿಗೆಲ್ಲ ಮೀರಿದ್ದಾಗಿ ನಿಲ್ಲುತ್ತಿತ್ತು. ಇದ್ದದ್ದನ್ನು ಹೆಕ್ಕುವುದು ಎಂಬ ಮಾತು ಇಲ್ಲಿಗೆ ಸಾಲದಾಗುತ್ತದೆ. ಶೇ 20 ಎಣ್ಣೆಯ ತೆನೆ ಆ ರಾಶಿಯಲ್ಲಿ ಹೆಕ್ಕಲು ಇರಲೇ ಇಲ್ಲ. ಹಾಗಾದರೆ ಅದು ಎಲ್ಲಿಂದ ಬಂತು?

ಎಲ್ಲಿಂದ ಬಂತು

ಉತ್ತರಕ್ಕೆ ಒಂದು ಚಿಕ್ಕ ಲೆಕ್ಕ ಸಾಕು. ಎಣ್ಣೆಯ ಪ್ರಮಾಣವನ್ನು ಹತ್ತು ಜೀನುಗಳು ನಿರ್ಧರಿಸುತ್ತವೆ, ಪ್ರತಿಯೊಂದಕ್ಕೂ ಎಣ್ಣೆ ಸ್ವಲ್ಪ ಹೆಚ್ಚಿಸುವ ರೂಪ ಒಂದು, ಹೆಚ್ಚಿಸದ ರೂಪ ಒಂದು, ಹೊಲದಲ್ಲಿ ಎರಡೂ ಸಮಸಮವಾಗಿವೆ ಎಂದು ಭಾವಿಸೋಣ. ಪ್ರತಿ ಗಿಡಕ್ಕೂ ಪ್ರತಿ ಜೀನಿನ ಎರಡು ಪ್ರತಿಗಳು, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಜೀನಿನ ಎರಡು ಪ್ರತಿಗಳೂ ಹೆಚ್ಚಿಸುವ ರೂಪದವೇ ಆಗಿರುವ ಸಂಭವ ನಾಲ್ಕರಲ್ಲಿ ಒಂದು. ಹತ್ತೂ ಜೀನುಗಳಲ್ಲಿ ಹಾಗಿರುವ ಸಂಭವ ನಾಲ್ಕನ್ನು ಹತ್ತು ಸಲ ಗುಣಿಸಿದಾಗ ಬರುವ 10,48,576ರಲ್ಲಿ ಒಂದು. ಜೀನುಗಳು ಐವತ್ತಾದರೆ ಆ ಸಂಖ್ಯೆ ಒಂದರ ಮುಂದೆ ಮೂವತ್ತು ಸೊನ್ನೆ ಬರೆದಷ್ಟಾಗುತ್ತದೆ; ಭೂಮಿಯ ಮೇಲೆ ಎಲ್ಲ ಕಾಲಕ್ಕೂ ಬೆಳೆದ ಮೆಕ್ಕೆಜೋಳವನ್ನೆಲ್ಲ ಒಟ್ಟುಗೂಡಿಸಿದರೂ ಅಂಥ ಒಂದು ಗಿಡ ಸಿಗುವುದಿಲ್ಲ. ಬೇಕಾದ ತುಣುಕುಗಳೆಲ್ಲ ಹೊಲದಲ್ಲೇ ಚದುರಿಕೊಂಡಿದ್ದರೂ ಅವು ಒಂದೇ ಗಿಡದಲ್ಲಿ ಕೂಡಿಬಂದದ್ದು ಎಂದೂ ಇರಲಿಲ್ಲ.

ಈಗ ಆಯ್ಕೆಯನ್ನು ಸೇರಿಸಿ ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಆಯ್ಕೆಯು ಆ ಪೂರ್ಣ ಗಿಡವನ್ನು ಹುಡುಕುವುದಿಲ್ಲ. ಸರಾಸರಿಗಿಂತ ಒಂದೆರಡು ತುಣುಕು ಹೆಚ್ಚಿರುವ ಗಿಡಗಳನ್ನು ಉಳಿಸುತ್ತದೆ, ಅಷ್ಟೇ. ಅದರಿಂದ ಹೆಚ್ಚಿಸುವ ರೂಪಗಳ ಪಾಲು ಹೊಲದಲ್ಲಿ ತುಸುತುಸುವೇ ಏರುತ್ತದೆ. ಅರ್ಧದಷ್ಟಿದ್ದ ಪಾಲು ಹತ್ತು ಜೀನುಗಳಲ್ಲೂ ಐದರಲ್ಲಿ ನಾಲ್ಕಕ್ಕೆ ಬಂದಿತು ಎನ್ನೋಣ. ಆಗ ಹತ್ತೂ ಕೂಡಿಬಂದ ಗಿಡದ ಸಂಭವ ಸುಮಾರು 87ರಲ್ಲಿ ಒಂದು. ಹತ್ತೂವರೆ ಲಕ್ಷಕ್ಕೆ ಒಂದಾಗಿದ್ದದ್ದು ಒಂದೇ ವರ್ಷದ ಪರೀಕ್ಷೆಯ ತೆನೆಗಳಲ್ಲಿ ಎದುರಾಗುವಷ್ಟು ಸಾಮಾನ್ಯವಾಯಿತು. ಅಸಂಭವವನ್ನು ಒಂದೇ ನೆಗೆತದಲ್ಲಿ ದಾಟುವುದು ಬೇರೆ, ಮೆಟ್ಟಿಲಿನ ಮೇಲೆ ಮೆಟ್ಟಿಲಾಗಿ ದಾಟುವುದು ಬೇರೆ. ಪ್ರತಿ ಮೆಟ್ಟಿಲಿನಲ್ಲೂ ಗಳಿಸಿದ್ದು ಕೈಯಲ್ಲೇ ಉಳಿಯುತ್ತದೆ ಎಂಬುದು ಎರಡನೆಯದರ ಗುಟ್ಟು. ‘ಇಷ್ಟು ಸಂಕೀರ್ಣವಾದದ್ದು ಆಕಸ್ಮಿಕವಾಗಿ ಹೇಗೆ ಆದೀತು’ ಎಂಬ ಪ್ರಶ್ನೆ ಸಾಮಾನ್ಯವಾಗಿ ಮೊದಲನೆಯ ಲೆಕ್ಕವನ್ನು ಮಾಡಿ ಅಲ್ಲಿಗೇ ನಿಂತುಬಿಡುತ್ತದೆ.

ಗುಣಗಳು ಬಣ್ಣದಂತೆ ಬೆರೆತುಹೋಗುತ್ತಿದ್ದರೆ ಈ ಲೆಕ್ಕ ನಡೆಯುತ್ತಿರಲಿಲ್ಲ. ಮೆಂಡೆಲ್ ಅವರ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದ ಮೇಲೆ ತಿಳಿದದ್ದು ಇದು: ಜೀನು ಬೆರೆಯುವುದಿಲ್ಲ, ಇಸ್ಪೀಟಿನ ಎಲೆಯಂತೆ ಇಡಿಯಾಗಿ ಕೈಯಿಂದ ಕೈಗೆ ಹೋಗುತ್ತದೆ. ಕಲಸಿದಾಗ ಹೊಸ ಹೊಸ ಜೋಡಣೆ ಬರುತ್ತದೆಯೇ ಹೊರತು ಎಲೆ ಮಾಸುವುದಿಲ್ಲ. ಹೀಗೆ ಬಿಡಿಬಿಡಿಯಾದ ಜೀನುಗಳು ಹಲವು ಸೇರಿದಾಗ ಎತ್ತರ, ತೂಕ, ಎಣ್ಣೆಯಂಥ ನಿರಂತರ ಗುಣಗಳು ಉಂಟಾಗುತ್ತವೆ ಎಂಬುದನ್ನು 1918ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಗಣಿತದಿಂದ ತೋರಿಸಿದರು. ಇಲಿನಾಯ್‌ನ ಅಂಕಿಗಳನ್ನು ಈ ಕಣ್ಣಿನಿಂದ ಮೊದಲು ಓದಿದವರಲ್ಲಿ ಒಬ್ಬರು ವಿಲಿಯಂ ಗಾಸೆಟ್. ಬಿಯರ್ ತಯಾರಿಸುವ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಸಂಖ್ಯಾಶಾಸ್ತ್ರದ ಲೇಖನಗಳನ್ನು ಬರೆಯುತ್ತಿದ್ದ ಅವರು, 1933ರಲ್ಲಿ ವಿಂಟರ್ ಅವರ ಫಲಿತಾಂಶವನ್ನು ಇಟ್ಟುಕೊಂಡೇ ಒಂದು ಲೇಖನ ಬರೆದರು. ಸರಾಸರಿಯು ಮೂಲ ಮಿತಿಯಿಂದ ಇಷ್ಟು ದೂರ ಸರಿಯಬೇಕಾದರೆ ಎಣ್ಣೆಯ ಹಿಂದಿರುವ ಜೀನುಗಳು ನಾಲ್ಕೈದಲ್ಲ, ಹತ್ತಾರು, ಪ್ರಾಯಶಃ ನೂರಾರು ಇರಬೇಕೆಂದು ಅವರು ವಾದಿಸಿದರು. ಒಂದು ಜೀನನ್ನೂ ಕಣ್ಣಿನಿಂದ ನೋಡದೆ, ಹೊಲದ ಅಂಕಿಗಳಿಂದಲೇ ತೆಗೆದ ಈ ಊಹೆಯ ಮೇಲೆ ನನಗೆ ಬಹಳ ಗೌರವವಿದೆ. ಏಳು ದಶಕಗಳ ನಂತರ, ಹೆಚ್ಚು ಎಣ್ಣೆ ಮತ್ತು ಕಡಿಮೆ ಎಣ್ಣೆಯ ಸಂತತಿಗಳನ್ನು ಅಡ್ಡಹಾಯಿಸಿ ವರ್ಣತಂತುಗಳ ಗುರುತುಗಳ ಸಹಾಯದಿಂದ ಹುಡುಕಿದಾಗ ಎಣ್ಣೆಯ ಮೇಲೆ ಪ್ರಭಾವವಿರುವ ಸುಮಾರು ಐವತ್ತು ಜಾಗಗಳು ಸಿಕ್ಕವು. ಒಂದೊಂದರ ಪ್ರಭಾವ ಚಿಕ್ಕದು. ದೊಡ್ಡದೆನ್ನುವಂಥದ್ದು ಯಾವುದೂ ಇರಲಿಲ್ಲ.

ಮೊದಲಿನಿಂದಲೇ ಹೊಲದಲ್ಲಿ ಚದುರಿಕೊಂಡಿದ್ದ ರೂಪಗಳ ಮರುಜೋಡಣೆಯಿಂದಲೇ ನೂರು ತಲೆಮಾರುಗಳ ಏರಿಕೆಯನ್ನೆಲ್ಲ ವಿವರಿಸಬಹುದೇ? ವರ್ಷಕ್ಕೆ ಹನ್ನೆರಡೋ ಇಪ್ಪತ್ತನಾಲ್ಕೋ ತೆನೆಗಳು ಮಾತ್ರ ತಾಯಿಯಾಗುವ ಗುಂಪಿನಲ್ಲಿ ಒಳ್ಳೆಯ ರೂಪಗಳೂ ಆಕಸ್ಮಿಕವಾಗಿ ಕಳೆದುಹೋಗುತ್ತವೆ, ರಕ್ತಸಂಬಂಧ ಬಿಗಿಯಾಗುತ್ತ ಹೋಗುತ್ತದೆ. ಹೀಗಿದ್ದೂ ಏರಿಕೆ ನಿಲ್ಲಲಿಲ್ಲ ಎಂದ ಮೇಲೆ, ಬೀಜ ಕಟ್ಟುವಾಗ ಜೀನುಗಳ ನಕಲಿನಲ್ಲಿ ಆಗುವ ಹೊಸ ಉತ್ಪರಿವರ್ತನೆಗಳ ಪಾಲೂ ನಂತರದ ತಲೆಮಾರುಗಳಲ್ಲಿ ಸೇರಿರಬೇಕು ಎಂದು ತಳಿವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ದಿಕ್ಕು ತಿರುಗಿಸಿದಾಗ

ಜೆಂಕಿನ್ ಅವರ ಗೋಳದ ವಾದಕ್ಕೆ ಇನ್ನೊಂದು ಪರೀಕ್ಷೆಯನ್ನು 1940ರ ದಶಕದಲ್ಲಿ ಒಡ್ಡಲಾಯಿತು. 48 ತಲೆಮಾರುಗಳ ನಂತರ ನಾಲ್ಕೂ ಸಂತತಿಗಳಿಂದ ಒಂದೊಂದು ಕವಲನ್ನು ತೆಗೆದು, ಅದರಲ್ಲಿ ಆಯ್ಕೆಯ ದಿಕ್ಕನ್ನು ತಿರುಗಿಸಿದರು: ಹೆಚ್ಚು ಎಣ್ಣೆಯ ಸಂತತಿಯ ಕವಲಿನಲ್ಲಿ ಕಡಿಮೆ ಎಣ್ಣೆಯ ತೆನೆಗಳನ್ನು, ಕಡಿಮೆಯದರ ಕವಲಿನಲ್ಲಿ ಹೆಚ್ಚಿನವನ್ನು ಆರಿಸತೊಡಗಿದರು. ಇಷ್ಟು ಕಾಲದ ಆಯ್ಕೆಯಿಂದ ವೈವಿಧ್ಯವೆಲ್ಲ ಬರಿದಾಗಿದ್ದರೆ, ಸಂತತಿಗಳು ಯೋಹಾನ್ಸನ್ ಅವರ ಹುರುಳಿಕಾಯಿಯಂತೆ ಜಗ್ಗದೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನಾಲ್ಕೂ ಕವಲುಗಳು ಹೊಸ ದಿಕ್ಕಿಗೆ ತಿರುಗಿದವು. ಹೆಚ್ಚು ಎಣ್ಣೆಯಿಂದ ಇಳಿಯತೊಡಗಿದ್ದ ಕವಲನ್ನು ಏಳು ತಲೆಮಾರುಗಳ ನಂತರ ಮತ್ತೊಮ್ಮೆ ತಿರುಗಿಸಿ ಮೇಲಕ್ಕೆ ಆರಿಸಿದಾಗ ಅದು ಮತ್ತೆ ಏರಿತು. ಸುಮಾರು ಐವತ್ತು ಸಲ ಒಂದೇ ಕಡೆಗೆ ಸೋಸಿದ ಮೇಲೂ ಒಳಗೆ ಎರಡೂ ಬಗೆಯ ರೂಪಗಳು ಉಳಿದಿದ್ದವು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಗೋಡೆ ಎದುರಾದ ಕಡೆ

ಆದರೆ ಗೋಡೆಗಳೇ ಇಲ್ಲವೆಂದು ಇದರ ಅರ್ಥವಲ್ಲ. ಕಡಿಮೆ ಪ್ರೋಟೀನಿನ ಸಂತತಿ ಶೇ 4ಕ್ಕೂ 5ಕ್ಕೂ ನಡುವೆ ಬಂದು ಬಹುತೇಕ ನಿಂತಿತು. ಅದರ ಹಿಮ್ಮುಖ ಕವಲು ಮೇಲಕ್ಕೆ ಸರಾಗವಾಗಿ ಏರಿದ್ದರಿಂದ ಅಲ್ಲಿ ಬರಿದಾದದ್ದು ಜೀನುಗಳ ವೈವಿಧ್ಯವಲ್ಲ ಎಂಬುದು ಸ್ಪಷ್ಟ. ಕಾಳು ಕಾಳಾಗಿ ಬೆಳೆಯಬೇಕಾದರೆ ಜೀವಕೋಶಗಳಿಗೆ ಇಷ್ಟಾದರೂ ಪ್ರೋಟೀನು ಬೇಕೇ ಬೇಕು, ಅದಕ್ಕಿಂತ ಕೆಳಗೆ ಶರೀರಧರ್ಮ ಇಳಿಯಗೊಡುವುದಿಲ್ಲ.

ಕಡಿಮೆ ಎಣ್ಣೆಯ ಸಂತತಿಯ ಕಥೆ ಇನ್ನೂ ಬೋಧಪ್ರದ. ಎಣ್ಣೆ ಇರುವುದು ಭ್ರೂಣದಲ್ಲಾದ್ದರಿಂದ, ಎಣ್ಣೆ ಕಡಿಮೆಯಿರುವ ತೆನೆಯನ್ನು ಆರಿಸುವುದೆಂದರೆ, ಆರಿಸುವವನಿಗೆ ಆ ಉದ್ದೇಶವಿಲ್ಲದಿದ್ದರೂ, ಭ್ರೂಣ ಚಿಕ್ಕದಾದ ತೆನೆಯನ್ನು ಆರಿಸಿದಂತೆಯೇ. ತಲೆಮಾರು ಕಳೆದಂತೆ ಕಾಳಿನಲ್ಲಿ ಭ್ರೂಣ ಕುಗ್ಗುತ್ತ ಬಂತು, ಎಣ್ಣೆ ಶೇ 1ಕ್ಕಿಂತಲೂ ಬಹಳ ಕೆಳಗೆ, ಅಳತೆಗೆ ಖಚಿತವಾಗಿ ಸಿಗದಷ್ಟು ಇಳಿಯಿತು, ಜೊತೆಗೆ ಬೀಜ ಮೊಳೆಯುವುದೂ ಕಷ್ಟವಾಯಿತು. ಮನುಷ್ಯನ ಕೈ ಭ್ರೂಣ ಚಿಕ್ಕದಿರಲಿ ಎಂದು ಒಂದು ಕಡೆಗೆ ಎಳೆಯುತ್ತಿದ್ದರೆ, ಮೊಳೆಯಲಾರದ ಬೀಜವನ್ನು ಮಣ್ಣೇ ತಿರಸ್ಕರಿಸುವ ಮೂಲಕ ನಿಸರ್ಗದ ಆಯ್ಕೆ ಅದೇ ಹೊಲದಲ್ಲಿ ಇನ್ನೊಂದು ಕಡೆಗೆ ಎಳೆಯುತ್ತಿತ್ತು. ಎಂಬತ್ತು ಚಿಲ್ಲರೆ ತಲೆಮಾರುಗಳ ನಂತರ ಆ ಸಂತತಿಯಲ್ಲಿ ಆಯ್ಕೆಯನ್ನು ಕೈಬಿಡಬೇಕಾಯಿತು. ಕೃತಕ ಆಯ್ಕೆ, ನೈಸರ್ಗಿಕ ಆಯ್ಕೆ ಎಂದು ಪಠ್ಯಗಳು ಎರಡು ಬೇರೆ ಬೇರೆ ಪ್ರಕ್ರಿಯೆಗಳೆಂಬಂತೆ ಪಾಠ ಹೇಳುತ್ತವೆ. ಅವು ಒಂದೇ ಹಗ್ಗದ ಎರಡು ತುದಿ ಹಿಡಿದು ನಿಲ್ಲುವುದನ್ನು ಇಲ್ಲಿ ಕಾಣಬಹುದು.

ಹೆಚ್ಚಿನ ದಿಕ್ಕಿನ ಸಂತತಿಗಳೂ ಬೆಲೆ ತೆರದೆ ಇರಲಿಲ್ಲ. ಹೆಚ್ಚು ಪ್ರೋಟೀನಿನ ಕಾಳು ಚಿಕ್ಕದಾಗಿ, ಗಟ್ಟಿಯಾಗಿ, ಗಾಜಿನಂತೆ ಹೊಳೆಯುವಂತಾಯಿತು. ಹೆಚ್ಚು ಎಣ್ಣೆಯ ಕಾಳಿನಲ್ಲಿ ಭ್ರೂಣ ದೊಡ್ಡದಾಗಿ ಪಿಷ್ಟದ ಜಾಗ ಕಡಿಮೆಯಾಯಿತು. ಇಳುವರಿಯಲ್ಲಿ ಇವು ರೈತರು ಬೆಳೆಯುವ ಹೈಬ್ರಿಡ್ ತಳಿಗಳ ಹತ್ತಿರಕ್ಕೂ ಬರಲಿಲ್ಲ. ಆರಿಸಿದ್ದು ಒಂದು ಗುಣವನ್ನಾದರೂ ಅದರ ಜೊತೆ ಹೆಣೆದುಕೊಂಡ ಗುಣಗಳೂ ಸರಿಯುತ್ತವೆ. ಎಣ್ಣೆಯ ಮೇಲೆಯೇ ಕಣ್ಣಿಟ್ಟ ಪ್ರಯೋಗಕಾರನಿಗೆ ಅದು ನಷ್ಟವೆನಿಸುವುದಿಲ್ಲ, ಆದರೆ ಕಾಡಿನಲ್ಲಿ ಹೀಗೆ ಒಂದೇ ಗುಣದ ಹಿಂದೆ ಹೋಗುವ ಸಸ್ಯ ಬಹಳ ದಿನ ಉಳಿಯದು. ನಿಸರ್ಗ ಅಳೆಯುವುದು ಇಡೀ ಗಿಡವನ್ನು.

ಇದು ತೋರಿಸದೆ ಬಿಟ್ಟದ್ದು

ನೂರು ತಲೆಮಾರುಗಳ ನಂತರವೂ ಈ ಸಂತತಿಗಳೆಲ್ಲ ಮೆಕ್ಕೆಜೋಳವೇ. ಒಂದನ್ನೊಂದು ಅಡ್ಡಹಾಯಿಸಿದರೆ ಫಲವತ್ತಾದ ಬೀಜವೇ ಸಿಗುತ್ತದೆ, ಮತ್ತು ಜೀನುಗಳ ಜಾಗಗಳನ್ನು ಹುಡುಕಲು ಸಾಧ್ಯವಾದದ್ದು ಅದರಿಂದಲೇ. ಹೊಸ ಪ್ರಭೇದ ಹುಟ್ಟಿತು ಎಂದು ಈ ಪ್ರಯೋಗವನ್ನು ಎತ್ತಿ ತೋರಿಸುವುದು ತಪ್ಪಾಗುತ್ತದೆ. ಹಾಗೆಯೇ, ಎಲ್ಲ ವಿಕಾಸವೂ ಐವತ್ತು ಚಿಕ್ಕ ಜೀನುಗಳ ತುಸುತುಸು ಸರಿಯುವಿಕೆಯಿಂದಲೇ ನಡೆಯುತ್ತದೆ ಎಂದು ಇದರಿಂದ ಸಾಧಿಸಲೂ ಆಗದು.

ಅದಕ್ಕೆ ಮೆಕ್ಕೆಜೋಳದ ಸ್ವಂತ ಚರಿತ್ರೆಯೇ ಎದುರು ಸಾಕ್ಷಿ. ಇಂದಿನ ಮೆಕ್ಕೆಜೋಳ ಸುಮಾರು 9,000 ವರ್ಷಗಳ ಹಿಂದೆ ಮೆಕ್ಸಿಕೋದ ಬಾಲ್ಸಾಸ್ ನದಿ ಪ್ರದೇಶದ ಟಿಯೋಸಿಂಟೆ ಎಂಬ ಕಾಡುಹುಲ್ಲಿನಿಂದ ಬಂದದ್ದು. ಟಿಯೋಸಿಂಟೆಯ ತೆನೆಯಲ್ಲಿ ಕಾಳುಗಳು ಐದರಿಂದ ಹನ್ನೆರಡರಷ್ಟೇ; ಒಂದೊಂದೂ ಕಲ್ಲಿನಷ್ಟು ಗಟ್ಟಿಯಾದ ಚಿಪ್ಪಿನೊಳಗೆ ಕುಳಿತಿರುತ್ತದೆ, ಮಾಗಿದಾಗ ಬಿಡಿಬಿಡಿಯಾಗಿ ಉದುರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಂಬಂಧಿಕರೆಂದು ನಂಬುವುದೇ ಕಷ್ಟ. ತಳಿವಿಜ್ಞಾನಿ ಜಾರ್ಜ್ ಬೀಡಲ್ ಅವರು ಇವೆರಡನ್ನು ಅಡ್ಡಹಾಯಿಸಿ ಎರಡನೆಯ ತಲೆಮಾರಿನ ಸುಮಾರು 50,000 ಗಿಡಗಳನ್ನು ಬೆಳೆಸಿ ನೋಡಿದಾಗ, ಸುಮಾರು 500 ಗಿಡಗಳಿಗೆ ಒಂದರಂತೆ ಅಪ್ಪಟ ಟಿಯೋಸಿಂಟೆಯಂಥ ಗಿಡವೂ, ಅಷ್ಟೇ ಪ್ರಮಾಣದಲ್ಲಿ ಅಪ್ಪಟ ಮೆಕ್ಕೆಜೋಳದಂಥ ಗಿಡವೂ ಸಿಕ್ಕವು. ಮೇಲಿನ ಲೆಕ್ಕವನ್ನೇ ಇಲ್ಲಿ ಹಿಂದಿನಿಂದ ಮುಂದಕ್ಕೆ ಓದಬೇಕು: ನಾಲ್ಕು ಜೀನುಗಳಿಗೆ 256ರಲ್ಲಿ ಒಂದು, ಐದಕ್ಕೆ 1,024ರಲ್ಲಿ ಒಂದು. ಐನೂರು ಇವೆರಡರ ನಡುವೆ ಬೀಳುತ್ತದೆ. ಅಂದರೆ ಗಿಡದ ಆಕಾರವನ್ನು ತಿರುಗಿಸಿದ ಮುಖ್ಯ ಬದಲಾವಣೆಗಳು ನಾಲ್ಕೈದು ದೊಡ್ಡ ಪ್ರಭಾವದ ಜಾಗಗಳಲ್ಲಿ ಕೂಡಿಕೊಂಡಿದ್ದವು. ಮುಂದೆ ಜಾನ್ ಡೋಬ್ಲಿ ಮತ್ತು ಅವರ ಸಹೋದ್ಯೋಗಿಗಳು ಅವುಗಳಲ್ಲಿ ಕೆಲವನ್ನು ಜೀನಿನ ಮಟ್ಟದಲ್ಲೇ ಗುರುತಿಸಿದರು. ಒಂದು ಜೀನು ಗಿಡದ ಕವಲೊಡೆಯುವಿಕೆಯನ್ನು ತಡೆಯುವಂಥದ್ದು, ಇನ್ನೊಂದು ಕಾಳನ್ನು ಚಿಪ್ಪಿನಿಂದ ಹೊರಗೆ ತರುವಂಥದ್ದು.

ಒಂದೇ ಬೆಳೆಯಲ್ಲಿ, ಹೀಗೆ, ಕೆಲವೇ ದೊಡ್ಡ ಜೀನುಗಳಿಂದ ಆದ ಬದಲಾವಣೆಯೂ ಇದೆ, ಹತ್ತಾರು ಚಿಕ್ಕ ಜೀನುಗಳಿಂದ ಆದದ್ದೂ ಇದೆ. ಟಿಯೋಸಿಂಟೆಯ ಕಾಳು ಕೊಯ್ದವರು ಯಾವ ತೆನೆಯನ್ನು ತಿಂದರು, ಯಾವುದನ್ನು ಬಿತ್ತನೆಗೆ ಎತ್ತಿಟ್ಟರು ಎಂಬುದನ್ನು ಯಾರೂ ಬರೆದಿಡಲಿಲ್ಲ. ಇಲಿನಾಯ್‌ನಲ್ಲಿ ಒಂದೊಂದು ತೆನೆಯ ಅಂಕಿಯೂ 1896ರಿಂದ ಪುಸ್ತಕದಲ್ಲಿದೆ.